4,29,49,67,297 ಎಂಬ ಸಂಖ್ಯೆಯು ನಮಗೆ ಕಲಿಸುವ ಪಾಠ

ಸ್ಮರಣ ಸಂಚಿಕೆಯ ಸಮಿತಿಯವರು ನನ್ನಿಂದ ಒಂದು ಲೇಖನವನ್ನು ಅಪೇಕ್ಷಿಸಿರುತ್ತಾರೆ. ಇಂತಹ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯನ್ನು ಕುರಿತೋ, ಹಳೆಯ ವಿದ್ಯಾರ್ಥಿನಿಯರ ಕೀರ್ತಿಯನ್ನು ಕುರಿತೋ, ಉಪಕಾರಿಗಳಿಗೆ ಸಲ್ಲತಕ್ಕ ವಂದನೆಯನ್ನು ಕುರಿತೋ ಬರೆಯುವುದು ವಾಡಿಕೆ. ಆ ಕಾರ್ಯವನ್ನು ಈ ಸಂಚಿಕೆಯಲ್ಲಿ ಇತರರು ನನಗಿಂತ ಚೆನ್ನಾಗಿ ನಿರ್ವಹಿಸಿರುವುದರಿಂದ, ನಾನು ಒಂದೇ ಒಂದು ಸಂಖ್ಯೆಯನ್ನು ಕುರಿತು ಬರೆಯಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು ಎಂಬುದೇ ಆ ಸಂಖ್ಯೆ. ಇದು ಯಾವ ರಾಜ್ಯದ ಬೊಕ್ಕಸದ ಮೊತ್ತವೂ ಅಲ್ಲ, ಯಾವ ನಗರದ ಜನಸಂಖ್ಯೆಯೂ ಅಲ್ಲ. ಆದರೂ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ನಾನು ಇಷ್ಟು ವರ್ಷಗಳಲ್ಲಿ ಕಲಿತುಕೊಂಡ ಮುಖ್ಯವಾದ ಮಾತೊಂದು ಈ ಹತ್ತು ಅಂಕೆಗಳಲ್ಲಿ ಅಡಗಿದೆ.

ಮೊದಲು ಇದು ಹುಟ್ಟುವ ರೀತಿಯನ್ನು ಹೇಳುತ್ತೇನೆ. 3 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿರಿ. ಅದರಲ್ಲಿ ಒಂದನ್ನು ಕಳೆದು, ಉಳಿದುದನ್ನು ಅದರಿಂದಲೇ ಗುಣಿಸಿ, ಪುನಃ ಒಂದನ್ನು ಕೂಡಿಸಿದರೆ 5 ಬರುತ್ತದೆ. 5ಕ್ಕೆ ಹೀಗೆಯೇ ಮಾಡಿದರೆ 17. ಹದಿನೇಳಕ್ಕೆ ಮಾಡಿದರೆ 257. ಅದಕ್ಕೆ ಮಾಡಿದರೆ 65,537. ಈ ಐದು ಸಂಖ್ಯೆಗಳೂ ಅವಿಭಾಜ್ಯಗಳು. ಎಂದರೆ, ಒಂದನ್ನೂ ತಮ್ಮನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗತಕ್ಕವಲ್ಲ. 65,537ಕ್ಕೆ ಅದೇ ಕ್ರಮವನ್ನು ಇನ್ನೊಂದಾವರ್ತಿ ನಡೆಯಿಸಿದರೆ ನಮ್ಮ ಸಂಖ್ಯೆಯು ದೊರೆಯುತ್ತದೆ. ಇನ್ನೊಂದು ವಿಧವಾಗಿ ಹೇಳುವುದಾದರೆ, ಎರಡನ್ನು 32 ಸಾರಿ ಬರೆದು ಎಲ್ಲವನ್ನೂ ಗುಣಿಸಿ ಬಂದ ಮೊತ್ತಕ್ಕೆ ಒಂದನ್ನು ಸೇರಿಸಿದರೆ 4,29,49,67,297 ಆಗುತ್ತದೆ.

ಫ್ರಾನ್ಸ್ ದೇಶದ ತುಲೂಸ್ ಪಟ್ಟಣದ ನ್ಯಾಯಸಭೆಯಲ್ಲಿ ಸದಸ್ಯನಾಗಿದ್ದು, ಬಿಡುವಿನ ವೇಳೆಯಲ್ಲಿ ಗಣಿತವನ್ನು ಅಭ್ಯಾಸ ಮಾಡುತ್ತಿದ್ದ ಪಿಯೆರ್ ದ ಫೆರ್ಮಾ ಎಂಬವನು ಈ ಸಾಲನ್ನು ಪರಿಶೀಲಿಸಿದನು. ಮೊದಲಿನ ಐದೂ ಅವಿಭಾಜ್ಯವಾಗಿರುವುದನ್ನು ಕಂಡು, ಮುಂದೆ ಬರುವವೆಲ್ಲವೂ ಅವಿಭಾಜ್ಯವೇ ಆಗಿರುವವೆಂದು ತಾನು ನಂಬಿರುವುದಾಗಿ 1640ರಲ್ಲಿ ತನ್ನ ಸ್ನೇಹಿತರಿಗೆ ಪತ್ರ ಬರೆದನು. ಇದಕ್ಕೆ ಸರಿಯಾದ ಸಾಧನೆಯು ತನ್ನಲ್ಲಿಲ್ಲವೆಂಬುದನ್ನೂ ಆತನು ಮರೆಮಾಚದೆ ತಿಳಿಸಿದನು. ಫೆರ್ಮಾ ಸಾಮಾನ್ಯನಲ್ಲ, ಸಂಖ್ಯಾಶಾಸ್ತ್ರದಲ್ಲಿ ಆತನಿಗೆ ಸಮಾನರಾದವರು ಆ ಕಾಲದ ಯೂರೋಪಿನಲ್ಲಿ ಯಾರೂ ಇರಲಿಲ್ಲ. ಅಂತಹ ಪಂಡಿತನ ಮಾತು ಹೀಗಿರಲಾಗಿ, ಅದನ್ನು ಅಲ್ಲಗಳೆಯುವವರು ಯಾರು? ಒಂಬತ್ತು ದಶಕಗಳ ವರೆಗೆ ಆ ಮಾತು ಹಾಗೆಯೇ ನಿಂತಿತು.

1729ರ ಡಿಸೆಂಬರ್ ತಿಂಗಳಿನಲ್ಲಿ, ರಷ್ಯಾ ದೇಶದಲ್ಲಿ ನೆಲೆಸಿದ್ದ ಗೋಲ್ಡ್‌ಬಾಖ್ ಎಂಬ ವಿದ್ವಾಂಸನು ಆಯ್ಲರ್ ಎಂಬ ತರುಣನಿಗೆ ಪತ್ರ ಬರೆಯುತ್ತಾ, ಫೆರ್ಮಾನ ಈ ಹೇಳಿಕೆಯನ್ನು ನೀನು ಬಲ್ಲೆಯೋ ಎಂದು ಕೇಳಿದನು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯಲ್ಲಿ ಕೆಲಸ ಮಾಡುತ್ತಿದ್ದ ಆಯ್ಲರನಿಗೆ ಆಗ 22 ವರ್ಷ ವಯಸ್ಸು. ಆತನು ಆ ಹೇಳಿಕೆಯನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ, ಭಾಗಿಸಿ ನೋಡಿದನು. 1732ರಲ್ಲಿ ಆತನು ಪ್ರಕಟಪಡಿಸಿದ ಸಂಗತಿಯೇನೆಂದರೆ, ಈ ಸಂಖ್ಯೆಯು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧವು 67,00,417. ವಾಚಕರು ಒಂದು ಕಾಗದವನ್ನು ತೆಗೆದುಕೊಂಡು ತಾವೇ ಗುಣಿಸಬಹುದು. 67,00,417ನ್ನು 600ರಿಂದ ಗುಣಿಸಿದರೆ 4,02,02,50,200. ಅದನ್ನೇ 41ರಿಂದ ಗುಣಿಸಿದರೆ 27,47,17,097. ಎರಡನ್ನೂ ಕೂಡಿಸಿದರೆ 4,29,49,67,297. ತೊಂಬತ್ತೆರಡು ವರ್ಷಗಳ ನಂಬಿಕೆಯು ಮೂರು ಸಾಲಿನ ಲೆಕ್ಕದಿಂದ ಬಿದ್ದುಹೋಯಿತು.

ಇಲ್ಲಿ ನಾನು ಫೆರ್ಮಾನನ್ನು ಹಳಿಯುವುದಕ್ಕೆ ಹೊರಟಿಲ್ಲ. ಸಾಧನೆಯಿಲ್ಲವೆಂದು ಮೊದಲೇ ಹೇಳಿಕೊಂಡವನು ತನ್ನ ಕರ್ತವ್ಯವನ್ನು ಮಾಡಿದನು. ಅದನ್ನು ಓದಿದವರು ತಮ್ಮ ಕರ್ತವ್ಯವನ್ನು ಮಾಡಿದರೇ ಎಂಬುದೇ ಪ್ರಶ್ನೆ. ಈ ಪ್ರಶ್ನೆಯು ಫ್ರಾನ್ಸಿಗೂ ರಷ್ಯಾಕ್ಕೂ ಮಾತ್ರ ಸೇರಿದ್ದಲ್ಲವೆಂಬುದನ್ನು ತೋರಿಸುವುದಕ್ಕಾಗಿ ನನ್ನ ಸ್ವಂತ ತಪ್ಪೊಂದನ್ನು ಇಲ್ಲಿ ಹೇಳಬೇಕಾಗಿದೆ.

ನಾನು ತರಬೇತಿಯನ್ನು ಮುಗಿಸಿ ಉಪಾಧ್ಯಾಯಿನಿಯಾದ ಎರಡನೆಯ ವರ್ಷದಲ್ಲಿ, ಕೆಲವು ಸಂಖ್ಯೆಗಳನ್ನು ಕೊಟ್ಟು, ಇವುಗಳಲ್ಲಿ ಅವಿಭಾಜ್ಯಗಳಾವುವು ಎಂದು ತರಗತಿಗೆ ಲೆಕ್ಕ ಹಾಕಿದ್ದೆನು. ಅವುಗಳಲ್ಲಿ 391 ಒಂದು. ನಲವತ್ತು ನೋಟುಪುಸ್ತಕಗಳನ್ನು ಒಂದೇ ಸಂಜೆ ತಿದ್ದಬೇಕಾಗಿದ್ದುದರಿಂದ, ನಾನು ಲೆಕ್ಕದ ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಉತ್ತರಗಳ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಕೆಂಪು ಗುರುತು ಹಾಕುತ್ತಾ ಹೋದೆನು. ಆ ಪುಟದಲ್ಲಿ 391 ಅವಿಭಾಜ್ಯವೆಂದು ಇತ್ತು. ಅವಿಭಾಜ್ಯವಲ್ಲವೆಂದು ಬರೆದಿದ್ದ ಒಬ್ಬಳೇ ಹುಡುಗಿಯ ಉತ್ತರವನ್ನು ನಾನು ಹೊಡೆದುಹಾಕಿದೆನು. ಮರುದಿನ ಅವಳು ಪುಸ್ತಕವನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬಂದು, "ಟೀಚರ್, ಇದು ಹದಿನೇಳರಿಂದ ಹೋಗುತ್ತದಲ್ಲ?" ಎಂದು ಮೆಲ್ಲಗೆ ಕೇಳಿದಳು. ನಾನು ಪುಸ್ತಕವನ್ನು ನೋಡಲಿಲ್ಲ. "ಲೆಕ್ಕದ ಪುಸ್ತಕ ಬರೆದವರಿಗೆ ನಿನಗಿಂತ ಹೆಚ್ಚು ತಿಳಿದಿರುತ್ತದೆ. ಹೋಗಿ ಕುಳಿತುಕೋ," ಎಂದೆನು. ತರಗತಿಯು ನಕ್ಕಿತು.

ರಾತ್ರಿ ಊಟವಾದ ಮೇಲೆ ಮನಸ್ಸು ತಡೆಯದೆ ಭಾಗಿಸಿ ನೋಡಿದೆನು. 17 ಇಪ್ಪತ್ತಮೂರಲಿ 391. ಪುಸ್ತಕದಲ್ಲಿದ್ದುದು ಅಚ್ಚಿನ ತಪ್ಪೋ ಲೆಕ್ಕದ ತಪ್ಪೋ, ಹೇಗಿದ್ದರೂ ಹುಡುಗಿಯೇ ಸರಿ, ನಾನೇ ತಪ್ಪು. ಆಗಲಾದರೂ ನಾನು ಮಾಡಬೇಕಾದುದನ್ನು ಮಾಡಿದೆನೇ? ಇಲ್ಲ. ಅವಳ ಪುಸ್ತಕವನ್ನು ತರಿಸಿ, ಕೆಂಪು ಗೀಟಿನ ಮೇಲೆ ಸರಿಯ ಗುರುತನ್ನು ಹಾಕಿ, ಯಾರಿಗೂ ಕಾಣದ ಹಾಗೆ ಹಿಂದಕ್ಕೆ ಕೊಟ್ಟೆನು. ಅವಮಾನವಾದುದು ನಲವತ್ತು ಮಂದಿಯ ಎದುರಿನಲ್ಲಿ, ತಿದ್ದುಪಡಿಯಾದುದು ಗುಟ್ಟಿನಲ್ಲಿ. ಆ ಹುಡುಗಿಯು ಅಲ್ಲಿಂದ ಮುಂದೆ ನನ್ನ ಮೇಜಿನ ಬಳಿಗೆ ಪ್ರಶ್ನೆಯನ್ನು ತಂದವಳಲ್ಲ. ಹತ್ತನೆಯ ತರಗತಿಯು ಮುಗಿದ ಮೇಲೆ ಗಣಿತವಿಲ್ಲದ ವಿಷಯಗಳನ್ನೇ ಆರಿಸಿಕೊಂಡು ಹೋದಳು. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ನನ್ನ ಪಾಲು ಇಲ್ಲವೆಂದು ನಾನು ಎಂದೂ ಎಣಿಸಿಲ್ಲ. ಅಂದು ತರಗತಿಯಲ್ಲಿ ಹೇಳದೆ ಹೋದುದನ್ನು ಇಂದು ಈ ಪುಟದಲ್ಲಿ ಎಲ್ಲರ ಮುಂದೆ ಹೇಳುತ್ತೇನೆ: ಅವಳು ಹೇಳಿದುದು ಸರಿ, 391 ಅವಿಭಾಜ್ಯವಲ್ಲ.

ಅಂದಿನಿಂದ ನಾನು ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷವೂ ಒಂಬತ್ತನೆಯ ತರಗತಿಯಲ್ಲಿ ಫೆರ್ಮಾನ ಹೇಳಿಕೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ಆಯ್ಲರನ ಹೆಸರನ್ನು ಮಾತ್ರ ಎತ್ತುವುದಿಲ್ಲ. ಅವಿಭಾಜ್ಯ ಸಂಖ್ಯೆಗಳನ್ನು 2ರಿಂದ ಮೊದಲುಮಾಡಿ ಕ್ರಮವಾಗಿ ಬರೆದರೆ 641 ಎಂಬುದು 116ನೆಯದಾಗಿ ಬರುತ್ತದೆ. ಮೊದಲಿನ 120 ಅವಿಭಾಜ್ಯಗಳನ್ನು ಒಂದೊಂದು ಚೀಟಿಗೆ ಮೂರರಂತೆ ನಲವತ್ತು ಚೀಟಿಗಳಲ್ಲಿ ಬರೆದು ಹಂಚುತ್ತೇನೆ. 2, 3, 5 ಸಿಕ್ಕಿದವಳು ಒಂದು ನಿಮಿಷದಲ್ಲಿ ಮುಗಿಸಿ ಗೆಳತಿಗೆ ಸಹಾಯ ಮಾಡುತ್ತಾಳೆ. 631, 641, 643 ಇರುವ ಚೀಟಿಯು ಯಾರ ಕೈಗೆ ಹೋಗುವುದೆಂದು ನಾನೂ ಅರಿಯೆನು. ತೊಂಬತ್ತೆರಡು ವರ್ಷ ಯೂರೋಪಿನ ವಿದ್ವಾಂಸರು ಮಾಡದೆ ಬಿಟ್ಟ ಕೆಲಸವು ನಲವತ್ತು ಹುಡುಗಿಯರಿಂದ ಒಂದು ಪಾಠದ ಅವಧಿಯಲ್ಲಿ ಮುಗಿಯುತ್ತದೆ.

ಒಂದು ವರ್ಷ ಆ ಚೀಟಿಯು, ಪ್ರತಿಯೊಂದು ಪರೀಕ್ಷೆಯಲ್ಲಿಯೂ ಗಣಿತದಲ್ಲಿ ಹಿಂದೆ ಬೀಳುತ್ತಿದ್ದ ಹುಡುಗಿಯೊಬ್ಬಳಿಗೆ ಹೋಯಿತು. ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮುಂಚೆ ಅವಳು ಎದ್ದು ನಿಂತು, "ಟೀಚರ್, ನನ್ನದು ಎಲ್ಲಿಯೋ ತಪ್ಪಿದೆ. ಎರಡು ಸಾರಿ ಮಾಡಿದೆ, ಶೇಷವೇ ಉಳಿಯುವುದಿಲ್ಲ," ಎಂದಳು. ಆ ಮಾತನ್ನು ಕೇಳಿ ನನ್ನ ಮನಸ್ಸಿಗೆ ಸಂತೋಷಕ್ಕಿಂತ ಮೊದಲು ವ್ಯಸನವಾಯಿತು. ಲೆಕ್ಕವು ಸರಿಯಾಗಿ ಬಂದಿತ್ತು. ಎರಡು ಸಾರಿ ಮಾಡಿ ಎರಡು ಸಾರಿಯೂ ಅದೇ ಉತ್ತರವನ್ನು ಪಡೆದಿದ್ದಳು. ಆದರೂ ಹಲಗೆಯ ಮೇಲಿದ್ದ ಹೆಸರಿಗೂ ತನ್ನ ಕೈಬರಹಕ್ಕೂ ವಿರೋಧ ಬಂದಾಗ, ತನ್ನ ಕೈಯೇ ತಪ್ಪೆಂದು ಅವಳು ತೀರ್ಮಾನಿಸಿದ್ದಳು. ಹಾಗೆ ತೀರ್ಮಾನಿಸಬೇಕೆಂದು ಅವಳಿಗೆ ಯಾರು ಕಲಿಸಿದರು? ನಾವೇ ಕಲಿಸಿದೆವು; ಮನೆಯಲ್ಲಿ ಅರ್ಧ, ಶಾಲೆಯಲ್ಲಿ ಅರ್ಧ. ಅವಳ ಭಾಗಲಬ್ಧವನ್ನು ಹಲಗೆಯ ಮೇಲೆ ಬರೆಸಿ ತರಗತಿಯೆಲ್ಲ ಸೇರಿ ಗುಣಿಸಿದೆವು. ಕೊನೆಯ ಸಾಲಿನಲ್ಲಿ ಹತ್ತು ಅಂಕೆಗಳು ಒಂದೊಂದಾಗಿ ಸರಿಹೊಂದುತ್ತಾ ಬಂದಾಗ ಅವಳ ಮುಖವನ್ನು ನೋಡಿದವರು ಅದನ್ನು ಮರೆಯಲಾರರು.

ಪರೀಕ್ಷಿಸುವುದೆಂದರೆ ಕುರುಡು ದುಡಿಮೆಯೆಂದು ಯಾರೂ ತಿಳಿಯಬಾರದು. ಸಂಖ್ಯೆಯು ಅವಿಭಾಜ್ಯವೇ ಆಗಿದ್ದ ಪಕ್ಷದಲ್ಲಿ, ಅದನ್ನು ನಿಶ್ಚಯಿಸುವುದಕ್ಕಾಗಿ 65,536ರ ಒಳಗಿನ 6,542 ಅವಿಭಾಜ್ಯಗಳಿಂದಲೂ ಭಾಗಿಸಬೇಕಾಗುತ್ತಿತ್ತು. ಆಯ್ಲರನು ಯೋಚನೆ ಮಾಡಿ, ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದು 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಹೆಚ್ಚಾಗಿರಲೇಬೇಕೆಂದು ಕಂಡುಕೊಂಡನು. 65, 129, 193, 257 ಹೀಗೆ ಬರೆಯುತ್ತಾ ಅವಿಭಾಜ್ಯಗಳನ್ನು ಮಾತ್ರ ಆರಿಸಿದರೆ 193, 257, 449, 577, 641 ಎಂಬ ಐದು ದೊರೆಯುತ್ತವೆ. ಮೊದಲಿನ ನಾಲ್ಕರಿಂದ ಭಾಗಿಸಿದರೆ ಕ್ರಮವಾಗಿ 109, 2, 325, 288 ಶೇಷಗಳು ಉಳಿಯುತ್ತವೆ, ಐದನೆಯದಕ್ಕೆ ಶೇಷವಿಲ್ಲ. 1878ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು 64ರ ಬದಲು 128ನ್ನೇ ತೆಗೆದುಕೊಳ್ಳಬಹುದೆಂದು ತೋರಿಸಿದನು. ಆಗ 257 ಮತ್ತು 641 ಎಂಬ ಎರಡೇ ಉಳಿಯುತ್ತವೆ. ನೂರ ಹದಿನಾರು ಭಾಗಾಕಾರಗಳು ಐದಾದವು, ಐದು ಎರಡಾದವು. ಕೈಯ ಕೆಲಸವನ್ನು ಬುದ್ಧಿಯು ಹಗುರ ಮಾಡುವ ಬಗೆಯನ್ನು ತೋರಿಸಲು ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ನಾನರಿಯೆನು.

ಭಾಗಾಕಾರವನ್ನೇ ಮಾಡದೆ 641 ಭಾಜಕವೆಂದು ತೋರಿಸುವ ಸುಂದರವಾದ ಸಾಧನೆಯೂ ಉಂಟು. ಹೈಸ್ಕೂಲಿನ ಹುಡುಗಿಯರಿಗೆ ಅದು ನಿಲುಕತಕ್ಕದ್ದು. 641 ಎಂಬುದು 625 ಮತ್ತು 16 ಇವುಗಳ ಮೊತ್ತ. 640 ಎಂಬುದು 5 ಮತ್ತು 128 ಇವುಗಳ ಗುಣಲಬ್ಧ. ನಮ್ಮ ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದು ಎರಡರ 32ನೆಯ ಘಾತ. ಅದನ್ನು 16 × 26,84,35,456 ಎಂದು ಬರೆಯಬಹುದು. ಈ ಎರಡನೆಯ ಸಂಖ್ಯೆಯು 128ರ ನಾಲ್ಕನೆಯ ಘಾತವಾಗಿದೆ. ಈಗ 16ರ ಸ್ಥಾನದಲ್ಲಿ 641 − 625 ಎಂದು ಬರೆಯಿರಿ. 625 ಐದರ ನಾಲ್ಕನೆಯ ಘಾತವಾದುದರಿಂದ, 625 × 26,84,35,456 ಎಂಬುದು 640ರ ನಾಲ್ಕನೆಯ ಘಾತವೇ ಆಗುತ್ತದೆ. ಆದಕಾರಣ ನಮ್ಮ ಇಡೀ ಸಂಖ್ಯೆಯು, 641 × 26,84,35,456ರಿಂದ, 640ರ ನಾಲ್ಕನೆಯ ಘಾತಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಕಳೆದರೆ ಬರುವ ಶೇಷವಾಗಿದೆ. ಕಳೆಯತಕ್ಕ ಆ ಸಂಖ್ಯೆಯನ್ನು, ಎರಡು ವರ್ಗಗಳ ವ್ಯತ್ಯಾಸದ ಸೂತ್ರದಿಂದ ಬಿಡಿಸಿದರೆ, 640 + 1 ಎಂಬುದು ಅದರ ಒಂದು ಅಪವರ್ತನವಾಗಿ ಬರುತ್ತದೆ. ಎರಡು ಭಾಗಗಳಲ್ಲಿಯೂ 641 ಇರುವುದರಿಂದ ಅವುಗಳ ವ್ಯತ್ಯಾಸದಲ್ಲಿಯೂ ಇರಲೇಬೇಕು. ನಮ್ಮ ಹುಡುಗಿಯರು ಪರೀಕ್ಷೆಗೆಂದು ಉರುಹೊಡೆಯುವ ಸೂತ್ರವು ಇಷ್ಟು ದೊಡ್ಡ ಬೀಗವನ್ನು ತೆರೆಯಬಲ್ಲದೆಂದು ಅವರಿಗೆ ನಾವು ಎಷ್ಟು ಸಾರಿ ತೋರಿಸಿದ್ದೇವೆ?

ಇಲ್ಲಿ ಕೆಲವರು, ಇದೆಲ್ಲ ಹುಟ್ಟಿನಿಂದ ಬರತಕ್ಕ ಶಕ್ತಿ, ಸಾಮಾನ್ಯ ಮಕ್ಕಳಿಗೆ ಇದರಿಂದೇನು ಎಂದು ಆಕ್ಷೇಪಿಸಬಹುದು. ಹುಟ್ಟುಶಕ್ತಿಯುಳ್ಳವರು ಇಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕಾ ದೇಶದಲ್ಲಿ 1804ರಲ್ಲಿ ಹುಟ್ಟಿದ ಜೀರಾ ಕೋಲ್ಬರ್ನ್ ಎಂಬ ಬಾಲಕನನ್ನು ಲಂಡನ್ನಿಗೆ ಕರೆದುಕೊಂಡು ಹೋದಾಗ, ಇದೇ ಸಂಖ್ಯೆಯನ್ನು ಅವನ ಮುಂದಿಟ್ಟರು. ಅವನು ಕಾಗದವನ್ನು ಮುಟ್ಟದೆ 641 ಮತ್ತು 67,00,417 ಎಂದು ಹೇಳಿದನು. ನಮ್ಮ ಬೆಂಗಳೂರಿನಲ್ಲಿಯೇ 1929ರಲ್ಲಿ ಜನಿಸಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಲೋಕವನ್ನು ಬೆರಗುಗೊಳಿಸಿದರು. ಇಂಥವರನ್ನು ಕಂಡು ಸಂತೋಷಪಡೋಣ. ಆದರೆ ಆಯ್ಲರನು ತೋರಿಸಿದ ಮಾರ್ಗವು ಮಿಂಚಿನ ಮಾರ್ಗವಲ್ಲ, ಮೆಟ್ಟಿಲಿನ ಮಾರ್ಗ. ಮೆಟ್ಟಿಲನ್ನು ಹತ್ತುವುದಕ್ಕೆ ಕಾಲುಗಳಿದ್ದರೆ ಸಾಕು. ನನ್ನ ತರಗತಿಯಲ್ಲಿ ಅದನ್ನು ಹತ್ತಿದವಳು ಅದ್ಭುತ ಬಾಲಕಿಯಲ್ಲ, ಹಿಂದಿನ ಬೆಂಚಿನ ಹುಡುಗಿ.

ಎರಡನೆಯ ಆಕ್ಷೇಪವು ತಾಯಿತಂದೆಗಳಿಂದ ಬರತಕ್ಕದ್ದು. ಪ್ರತಿ ವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ಯಾರಾದರೊಬ್ಬರು ನನ್ನ ಕೋಣೆಗೆ ಬಂದು, "ಟೀಚರಮ್ಮಾ, ಹೆಣ್ಣುಮಗಳಿಗೆ ಇಷ್ಟು ಲೆಕ್ಕ ಸಾಕಲ್ಲವೇ? ಮುಂದಕ್ಕೆ ಇದರಿಂದ ಏನು ಪ್ರಯೋಜನ?" ಎಂದು ಕೇಳುತ್ತಾರೆ. ಪ್ರಯೋಜನವನ್ನೇ ಕೇಳುವವರಿಗೆ ಈ ಸಂಖ್ಯೆಯ ನೆರೆಹೊರೆಯನ್ನು ತೋರಿಸುತ್ತೇನೆ. ಇದಕ್ಕಿಂತ ಒಂದು ಕಡಿಮೆಯಾದ 4,29,49,67,296 ಎಂಬುದು, ಅಂತರ್ಜಾಲದ ಹಳೆಯ ವಿಳಾಸಪದ್ಧತಿಯಲ್ಲಿ ಸಾಧ್ಯವಾಗುವ ಒಟ್ಟು ವಿಳಾಸಗಳ ಸಂಖ್ಯೆ. ಒಂದೊಂದು ವಿಳಾಸವೂ ಸೊನ್ನೆ ಮತ್ತು ಒಂದು ಎಂಬ ಅಂಕೆಗಳಿಂದ ಕೂಡಿದ 32 ಸ್ಥಾನಗಳುಳ್ಳದ್ದು. ಲೋಕಕ್ಕೆಲ್ಲ ಹಂಚಲು ಇಟ್ಟಿದ್ದ ಅದರ ಸಂಗ್ರಹವು 2011ರ ಫೆಬ್ರವರಿಯಲ್ಲಿ ಮುಗಿದುಹೋಯಿತು. ಇನ್ನು, ದೊಡ್ಡ ಸಂಖ್ಯೆಯನ್ನು ಗುಣಿಸುವುದು ಸುಲಭ, ಅದರ ಅಪವರ್ತನಗಳನ್ನು ಹುಡುಕುವುದು ಕಷ್ಟ ಎಂಬ ಈ ಲೇಖನದ ಸಂಗತಿಯ ಮೇಲೆಯೇ 1977ರಲ್ಲಿ ಆರ್‌ಎಸ್‌ಎ ಎಂಬ ಗೂಢಲಿಪಿಯ ಪದ್ಧತಿಯು ಕಟ್ಟಲ್ಪಟ್ಟಿತು. ಅದರಲ್ಲಿ ಬಳಸುವ ಕೀಲಿಗಳಲ್ಲಿ ನಮ್ಮ ಸಾಲಿನ ಐದನೆಯದಾದ 65,537 ಎಂಬುದು ಬಹಳವಾಗಿ ಉಪಯೋಗದಲ್ಲಿದೆ.

ಎರಡು ಕಡಿಮೆಯಾದ 4,29,49,67,295 ಇನ್ನೂ ಸೊಗಸಾದುದು. 3, 5, 17, 257, 65,537 ಈ ಐದನ್ನೂ ಗುಣಿಸಿದರೆ ಅದೇ ಬರುತ್ತದೆ. ಇನ್ನೂ ಹತ್ತೊಂಬತ್ತು ವರ್ಷ ತುಂಬದಿದ್ದ ಗೌಸ್ ಎಂಬ ಜರ್ಮನ್ ತರುಣನು 1796ರಲ್ಲಿ, ಅಳತೆಪಟ್ಟಿ ಮತ್ತು ಕೈವಾರಗಳಿಂದ ಸಮನಾದ ಹದಿನೇಳು ಭುಜಗಳುಳ್ಳ ಆಕೃತಿಯನ್ನು ರಚಿಸಬಹುದೆಂದು ತೋರಿಸಿದನು. ಭುಜಗಳ ಸಂಖ್ಯೆಯು ಬೆಸವಾಗಿದ್ದರೆ, ಅದು ಫೆರ್ಮಾನ ಸಾಲಿನ ಒಂದು ಅವಿಭಾಜ್ಯವೋ, ಅಂತಹ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವೋ ಆಗಿರಬೇಕೆಂಬುದು ನಿಯಮ. ಹೀಗೆ ರಚಿಸಬಹುದೆಂದು ಇದುವರೆಗೆ ತಿಳಿದಿರುವ ಬೆಸ ಭುಜಗಳ ಆಕೃತಿಗಳಲ್ಲಿ ಅತಿ ದೊಡ್ಡದಕ್ಕೆ 4,29,49,67,295 ಭುಜಗಳು. ಫೆರ್ಮಾನ ಊಹೆಯು ತಪ್ಪಾದರೂ ಆತನ ಸಾಲು ವ್ಯರ್ಥವಾಗಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಗೌಸನು 1801ರಲ್ಲಿ ಪ್ರಕಟಿಸಿದ ಗ್ರಂಥವನ್ನು ಪ್ಯಾರಿಸಿನ ಸೋಫಿ ಜೆರ್ಮೇನ್ ಎಂಬ ಕನ್ಯೆಯು ಓದಿ, 1804ರಿಂದ ಆತನಿಗೆ ಪತ್ರಗಳನ್ನು ಬರೆದಳು. ಹೆಂಗಸೆಂದು ತಿಳಿದರೆ ತನ್ನ ಗಣಿತವನ್ನು ಯಾರೂ ಲಕ್ಷಿಸಲಾರರೆಂದು ಹೆದರಿ, ಲೆಬ್ಲಾಂ ಎಂಬ ಗಂಡಸಿನ ಹೆಸರಿನಲ್ಲಿ ಬರೆದಳು. 1807ರಲ್ಲಿ ನಿಜವು ತಿಳಿದಾಗ ಗೌಸನು ಅವಳ ಧೈರ್ಯವನ್ನೂ ಪ್ರತಿಭೆಯನ್ನೂ ಮನಸಾರೆ ಕೊಂಡಾಡಿದನು. ಗುಣಾಕಾರಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಭೇದವನ್ನು ಮಾಡುವವರು ನೋಡುವವರು.

ಆದರೆ ನನ್ನ ಮುಖ್ಯ ಅಭಿಪ್ರಾಯವು ಪ್ರಯೋಜನವನ್ನು ಅವಲಂಬಿಸಿದ್ದಲ್ಲ. ನಮ್ಮ ಹುಡುಗಿಯರು ಶಾಲೆಯನ್ನು ಬಿಟ್ಟು ಹೋದ ಮೇಲೆ ಅವರಿಗೆ ಉತ್ತರಗಳನ್ನು ಸಿದ್ಧಮಾಡಿ ಕೊಡುವವರು ಬೇಕಾದಷ್ಟು ಮಂದಿ ಇರುತ್ತಾರೆ. ಸಾಲದ ಬಡ್ಡಿ ಇಷ್ಟು ಎನ್ನುವವರು, ಈ ಕಾಗದಕ್ಕೆ ರುಜು ಹಾಕು ಎನ್ನುವವರು, ಈ ಔಷಧದಿಂದ ಎಲ್ಲ ವಾಸಿಯಾಗುವುದು ಎನ್ನುವವರು, ಕೈಯಲ್ಲಿರುವ ಮೊಬೈಲಿನಲ್ಲಿ ಗಳಿಗೆಗೊಂದು ಸುದ್ದಿಯನ್ನು ಕಳುಹಿಸುವವರು, ಎಲ್ಲರೂ ಉತ್ತರದ ಪುಟವನ್ನೇ ತಂದು ಮುಂದಿಡುತ್ತಾರೆ. ಆಗ "ನಾನು ಒಂದು ಸಾರಿ ಭಾಗಿಸಿ ನೋಡುತ್ತೇನೆ" ಎಂದು ಮರ್ಯಾದೆಯಿಂದಲೂ ಧೈರ್ಯದಿಂದಲೂ ಹೇಳಬಲ್ಲ ಹೆಣ್ಣನ್ನು ಶಾಲೆಯು ಸಿದ್ಧಪಡಿಸಿದೆಯೋ ಇಲ್ಲವೋ ಎಂಬುದೇ ನಮ್ಮ ನಿಜವಾದ ಪರೀಕ್ಷೆ. ಗಣಿತದ ಪಾಠದಲ್ಲಿ ಈ ಅಭ್ಯಾಸವನ್ನು ಮಾಡಿಸದಿದ್ದರೆ ಬೇರೆಲ್ಲಿ ಮಾಡಿಸುವೆವು? ಇಲ್ಲಿ ಸಣ್ಣ ಹುಡುಗಿಯೂ ದೊಡ್ಡ ಪಂಡಿತನೂ ಒಂದೇ ನಿಯಮಕ್ಕೆ ಒಳಪಟ್ಟವರು. ಪ್ರಶ್ನಿಸುವುದು ಇಲ್ಲಿ ಅವಿಧೇಯತೆಯಲ್ಲ, ಯಾಕೆಂದರೆ ಉತ್ತರವನ್ನು ಕೊಡುವುದು ಪ್ರಶ್ನಿಸಿದವಳೂ ಅಲ್ಲ, ಪ್ರಶ್ನಿಸಲ್ಪಟ್ಟವನೂ ಅಲ್ಲ, ಸಂಖ್ಯೆಯೇ ಕೊಡುತ್ತದೆ.

ಪರೀಕ್ಷಿಸತಕ್ಕ ಕೆಲಸವು ಮುಗಿದುಹೋಯಿತೆಂದು ಯಾರೂ ಭಾವಿಸಬಾರದು. ಸಾಲಿನ ಏಳನೆಯ ಸಂಖ್ಯೆಯಾದ 1,84,46,74,40,73,70,95,51,617 ಎಂಬುದನ್ನು 1880ರಲ್ಲಿ ಲಾಂಡ್ರಿ ಎಂಬವನು ತನ್ನ 82ನೆಯ ವಯಸ್ಸಿನಲ್ಲಿ ಅಪವರ್ತಿಸಿದನು. 2,74,177 ಎಂಬುದು ಅದರ ಚಿಕ್ಕ ಅಪವರ್ತನ. ಆರನೆಯದರಿಂದ 33ನೆಯದರ ವರೆಗಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳಲ್ಲವೆಂದು ಈಗ ತಿಳಿದಿದೆ. ಅವುಗಳಲ್ಲಿ 21ನೆಯದೂ 25ನೆಯದೂ ವಿಚಿತ್ರವಾದವು: ಅವು ಭಾಗವಾಗುವುದು ನಿಶ್ಚಯ, ಆದರೆ ಯಾವುದರಿಂದ ಭಾಗವಾಗುವವೆಂಬುದು ಯಾರಿಗೂ ತಿಳಿಯದು. ಇನ್ನೂರ ಐವತ್ತೆಂಟು ಕೋಟಿಗೂ ಮಿಕ್ಕಿದ ಅಂಕೆಗಳುಳ್ಳ 34ನೆಯ ಸಂಖ್ಯೆಯು ಅವಿಭಾಜ್ಯವೋ ಅಲ್ಲವೋ ಎಂಬುದು ಗಣಕಯಂತ್ರಗಳಿಗೂ ಇನ್ನೂ ವಶವಾಗಿಲ್ಲ. ಎಲ್ಲವೂ ಅವಿಭಾಜ್ಯವೆಂದು ಫೆರ್ಮಾ ನಂಬಿದ ಸಾಲಿನಲ್ಲಿ, ಮೊದಲಿನ ಐದನ್ನು ಬಿಟ್ಟರೆ ಇಂದಿನ ವರೆಗೆ ಆರನೆಯ ಅವಿಭಾಜ್ಯವು ಒಂದೂ ಸಿಕ್ಕಿಲ್ಲ. ಐದು ಸಾರಿ ಸರಿಯಾದುದು ಆರನೆಯ ಸಾರಿಯೂ ಸರಿಯಾಗಿರುವುದೆಂಬ ಭರವಸೆಯಿಲ್ಲ.

ಆದುದರಿಂದ ನನ್ನ ಸಹೋದ್ಯೋಗಿನಿಯರಲ್ಲಿ ಮೂರು ವಿಜ್ಞಾಪನೆಗಳು. ಉತ್ತರಗಳ ಪುಟವನ್ನು ನೋಡಿ ತಿದ್ದಬೇಡಿರಿ. ಹುಡುಗಿಯ ಲೆಕ್ಕವನ್ನು ನೋಡಿ ತಿದ್ದಿರಿ. ವರ್ಷಕ್ಕೆ ಒಂದಾವರ್ತಿಯಾದರೂ, ಪರೀಕ್ಷೆಗೆ ಬಾರದ ಒಂದು ದೊಡ್ಡ ಸಂಖ್ಯೆಯನ್ನು ತರಗತಿಯ ಕೈಗೆ ಕೊಡಿರಿ. ನಿಮ್ಮ ತಪ್ಪನ್ನು ಒಬ್ಬ ಹುಡುಗಿ ಕಂಡುಹಿಡಿದರೆ, ಅವಳಿಗೆ ಅವಮಾನವಾಗಬಹುದಾಗಿದ್ದ ಜಾಗದಲ್ಲಿಯೇ ನಿಂತು ಅದನ್ನು ಒಪ್ಪಿಕೊಳ್ಳಿರಿ. ತಾಯಿತಂದೆಗಳಲ್ಲಿ ಒಂದೇ ವಿಜ್ಞಾಪನೆ: ಮಗಳಿಗೆ ಲೆಕ್ಕ ಸಾಕೋ ಬೇಕೋ ಎಂಬುದನ್ನು ಅವಳನ್ನೇ ಕೇಳಿರಿ, ಅವಳು ಉತ್ತರ ಕೊಡುವುದಕ್ಕೆ ಮುಂಚೆ ನೀವು ಉತ್ತರವನ್ನು ಬರೆದಿಡಬೇಡಿರಿ.

ಪ್ರಿಯ ವಿದ್ಯಾರ್ಥಿನಿಯರೇ, ಕೊನೆಯದಾಗಿ ನಿಮಗೊಂದು ಮಾತು. ಈ ಲೇಖನದಲ್ಲಿ ಅನೇಕ ಅಂಕೆಗಳಿವೆ. ಮುಖ್ಯೋಪಾಧ್ಯಾಯಿನಿಯು ಬರೆದಿದ್ದಾಳೆಂದು ಅವುಗಳನ್ನು ನಂಬಬೇಡಿರಿ. ಪೆನ್ಸಿಲನ್ನು ತೆಗೆದುಕೊಂಡು ಒಂದೊಂದನ್ನೂ ಮಾಡಿ ನೋಡಿರಿ. ಎಲ್ಲಿಯಾದರೂ ತಪ್ಪು ಸಿಕ್ಕಿದರೆ ನನ್ನ ಕೋಣೆಗೆ ಬನ್ನಿರಿ, ಬಾಗಿಲು ತೆರೆದಿರುತ್ತದೆ. ಮರುದಿನ ಬೆಳಗಿನ ಸಭೆಯಲ್ಲಿ, ಶಾಲೆಯೆಲ್ಲ ಕೇಳುವಂತೆ, ನನ್ನ ತಪ್ಪನ್ನೂ ನಿಮ್ಮ ಹೆಸರನ್ನೂ ನಾನೇ ಓದಿ ಹೇಳುವೆನು.